ಎರಡು ಪಿಸ್ತೂಲು, ಒಂದು ಅಂಗೈ: ಬಳ್ಳಾರಿಯ ಒಂದು ಪ್ರಕರಣ

ಸ್ಪರ್ಧೆಗೆ ಪಿಸ್ತೂಲು ಕೊಳ್ಳಬೇಕು ಅಂದುಕೊಂಡವರೆಲ್ಲ ಒಂದು ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಪಟ್ಟಿ ಮಾಡಿ, ವಿಚಾರಿಸಿ, ಕೊನೆಗೆ ಎರಡು ಉಳಿಯುತ್ತವೆ. ಎರಡೂ ಒಳ್ಳೆಯವು, ಬೆಲೆ ಹತ್ತಿರ ಹತ್ತಿರ, ತೂಕವೂ ಹಾಗೇ. ಅಲ್ಲಿಂದ ಮುಂದೆ ಯಾರ ಮಾತು ಕೇಳಬೇಕು ಎಂದು ಗೊತ್ತಾಗುವುದಿಲ್ಲ. ಬಳ್ಳಾರಿಯ ಒಂದು ಮನೆಯವರು ಇದೇ ಸ್ಥಿತಿಯಲ್ಲಿದ್ದಾಗ ನಾನು ತರಬೇತುದಾರನಾಗಿ ಜೊತೆಗಿದ್ದೆ. ನಮ್ಮ ಕಡೆ ಈಗ ಹತ್ತು ಮೀಟರ್ ಶೂಟಿಂಗ್ ಕಲಿಯುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ ಎಂದು, ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಹಿನ್ನೆಲೆ

ಶೂಟರ್ ಡಿಗ್ರಿ ಓದುವ ಹುಡುಗಿ. ಹೆಸರು, ಕಾಲೇಜು, ಕ್ಲಬ್ಬು ಯಾವುದನ್ನೂ ಹೇಳುವುದಿಲ್ಲ. ಒಂದೆರಡು ವಿವರ ಬದಲಿಸಿದ್ದೇನೆ. ತಂದೆಯ ಕಸುಬನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಮುಂದೆ ಅದು ಬೇಕಾಗುತ್ತದೆ. ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಸಣ್ಣ ಘಟಕ ಅವರದು. ಬಳ್ಳಾರಿಯಲ್ಲಿ ಆ ಕೆಲಸ ಮಾಡುವವರು ಎಷ್ಟೋ ಮಂದಿ, ಅದರಿಂದ ಯಾರೆಂದು ಗುರುತಾಗುವುದಿಲ್ಲ.

ಹುಡುಗಿ ಮೊದಲು ಬಂದೂಕು ಹಿಡಿದದ್ದು ಎನ್‌ಸಿಸಿಯಲ್ಲಿ. ಆಮೇಲೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲಿಗೆ ಬಂದಳು. ಕ್ಲಬ್ಬಿನ ಹಳೇ ಪಿಸ್ತೂಲು ಒಂದೇ, ಹಿಡಿಯುವ ಕೈ ಹಲವು. ಒಬ್ಬೊಬ್ಬರೂ ತಮ್ಮ ಕೈಗೆ ತಕ್ಕಂತೆ ಗುರಿ ಹಿಡಿಯಲು ನೋಡುವ ಸೈಟು, ಬೆರಳಿನಿಂದ ಎಳೆಯುವ ಟ್ರಿಗರ್ ತಿರುಗಿಸಿಟ್ಟು ಹೋಗುತ್ತಿದ್ದರು. ಅವಳು ಬಂದು ಮತ್ತೆ ತಿರುಗಿಸಬೇಕು. ಹಾಗಿದ್ದೂ 600ಕ್ಕೆ 540ರ ಆಸುಪಾಸು ಹೊಡೆಯುತ್ತಿದ್ದಳು. ಸ್ವಂತ ಪಿಸ್ತೂಲು ಬೇಕು ಎಂಬ ಮಾತು ಬಂದದ್ದು ಅಲ್ಲಿಂದ.

ಆಟದ ಲೆಕ್ಕವನ್ನು ಸ್ವಲ್ಪ ಹೇಳಬೇಕು. ಹತ್ತು ಮೀಟರ್ ದೂರ, 4.5 ಮಿಲಿಮೀಟರ್ ಪೆಲೆಟ್ ಅಂದರೆ ಪುಟ್ಟ ಗುಂಡು, ಒಂದೇ ಕೈ, ಎಲ್ಲಿಯೂ ಆಧಾರವಿಲ್ಲ. ಟಾರ್ಗೆಟ್ ನಡುವಿನ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಪಿಸ್ತೂಲು 1500 ಗ್ರಾಂ ಮೀರಬಾರದು, ಟ್ರಿಗರ್ ಎಳೆಯಲು ಬೇಕಾದ ಭಾರ 500 ಗ್ರಾಂಗಿಂತ ಕಡಿಮೆ ಇರಬಾರದು. ಹೆಣ್ಣುಮಕ್ಕಳಿಗೆ ಮೊದಲು 40 ಶಾಟ್ ಇತ್ತು. 2018ರಿಂದ ಅವರಿಗೂ ಗಂಡಸರಂತೆ 60 ಶಾಟ್. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ 75 ನಿಮಿಷ, ಕಾಗದದ ಟಾರ್ಗೆಟ್ ಆದರೆ 90 ನಿಮಿಷ. ಈ ಅರವತ್ತು ಎಂಬುದನ್ನು ನೆನಪಿಡಿ. ಅರ್ಧ ಪ್ರಕರಣ ಅದರ ಮೇಲೇ ನಿಂತಿದೆ.

ಕಾನೂನಿನ ಭಯ ಎಲ್ಲ ಮನೆಯಲ್ಲೂ ಇರುತ್ತದೆ, ಈ ಮನೆಯಲ್ಲೂ ಇತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ದಾಟದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಆರು ಜೂಲ್ ಸುತ್ತಮುತ್ತ ಅಷ್ಟೇ. ಕೊಳ್ಳುವಾಗ ಗುರುತಿನ ಚೀಟಿ, ವಿಳಾಸದ ದಾಖಲೆ ಕೊಡಬೇಕು. ಇದನ್ನು ಬಿಡಿಸಿ ಹೇಳಿದ ಮೇಲೆ ಅವಳ ತಾಯಿಗೆ ಅರ್ಧ ಸಮಾಧಾನ ಆಯಿತು. ಬೀರುವಿಗೆ ಬೀಗ ಹಾಕಿಸಿದ ಮೇಲೆ ಪೂರ್ತಿ ಆಯಿತು.

ಇನ್ನು ದುಡ್ಡು. ಸ್ಪರ್ಧೆಗೆಂದೇ ಮಾಡಿದ ಹೊಸ ಮ್ಯಾಚ್ ಪಿಸ್ತೂಲು ಅಂದರೆ ಒಂದೂವರೆ ಲಕ್ಷ ದಾಟುತ್ತದೆ. ತಂದೆ ಚೀಟಿ ಎತ್ತಿ ಆ ಹಣ ಹೊಂದಿಸಿದ್ದರು. ಒಮ್ಮೆ ತಪ್ಪಿದರೆ ಮತ್ತೊಂದು ಕೊಡಿಸುವ ಶಕ್ತಿ ಆ ಮನೆಗೆ ಇರಲಿಲ್ಲ.

ಸಮಸ್ಯೆ

ಸ್ಟೆಯರ್, ಮೊರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವರ್ಕ್‌ಬಾವ್. ದೊಡ್ಡ ಪಂದ್ಯದ ಹತ್ತು ಮೀಟರ್ ಸಾಲಿನಲ್ಲಿ ನಿಂತವರ ಕೈಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಇವು. ನಮ್ಮ ಮುಂದೆ ಉಳಿದ ಎರಡೂ ಇಂಥ ಹೆಸರಾಂತ ತಯಾರಕರವೇ. ಯಾವ ಎರಡು ಎಂದು ಹೇಳುವುದಿಲ್ಲ. ಹೇಳಿದರೆ ಓದುವವರು ಉಳಿದದ್ದನ್ನೆಲ್ಲ ಬಿಟ್ಟು ಕಂಪನಿಯ ಹೆಸರನ್ನು ಮಾತ್ರ ಹಿಡಿದುಕೊಂಡು ಹೋಗುತ್ತಾರೆ. ಹುಡುಗಿ ಅವಕ್ಕೆ ಬಣ್ಣ ನೋಡಿ ‘ಕರಿ’, ‘ಬಿಳಿ’ ಎಂದು ಹೆಸರಿಟ್ಟಿದ್ದಳು. ಅದನ್ನೇ ಇಲ್ಲಿ ಬಳಸುತ್ತೇನೆ.

ಕರಿ ಪಿಸ್ತೂಲಿನ ಟ್ರಿಗರ್ ಎಲೆಕ್ಟ್ರಾನಿಕ್, ಬ್ಯಾಟರಿ ಬೇಕು. ಬಿಳಿಯದು ಪೂರ್ತಿ ಮೆಕ್ಯಾನಿಕಲ್, ಜೊತೆಗೆ ಹೊಡೆದಾಗಿನ ಸಣ್ಣ ಒದೆತವನ್ನು ತಡೆಯುವ ಒಂದು ಏರ್ಪಾಡು ಒಳಗಿದೆ. ಇಷ್ಟು ಬಿಟ್ಟರೆ ಅಕ್ಕತಂಗಿಯರಂತೆ ಇದ್ದವು. ಎರಡಕ್ಕೂ 200 ಬಾರ್ ಒತ್ತಡದ ಗಾಳಿ ಸಿಲಿಂಡರ್. ಎರಡೂ ಒಂದು ಕಿಲೋ ಹತ್ತಿರ. ಎರಡರಲ್ಲೂ ಸೈಟು, ಟ್ರಿಗರ್ ಬೇಕಾದಂತೆ ಹೊಂದಿಸಬಹುದು.

ಸಲಹೆಗೆ ಬರ ಇರಲಿಲ್ಲ. ಹಿರಿಯ ಶೂಟರ್ ಒಬ್ಬರು ಕರಿಯೇ ಬೇಕು ಅಂದರು, ಟ್ರಿಗರ್ ಕಡ್ಡಿ ಮುರಿದ ಹಾಗೆ ಬಿಡುತ್ತೆ ಎಂದರು. ಇನ್ನೊಬ್ಬರು ಬ್ಯಾಟರಿ ಇರುವುದನ್ನು ಮುಟ್ಟಲೇಬೇಡಿ ಅಂದರು. ತಂದೆಗೆ ಯಾರೋ ಟೋಕಿಯೊ ಒಲಿಂಪಿಕ್ಸ್ ಕಥೆ ಹೇಳಿದ್ದರು. 2021ರ ಜುಲೈ 25ರಂದು ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಎಷ್ಟೋ ನಿಮಿಷ ಹೋಗಿದ್ದವು. 575 ಅಂಕ ಬಂತು, 12ನೇ ಸ್ಥಾನ, ಫೈನಲ್ ತಪ್ಪಿತು. ಇದನ್ನು ಕೇಳಿ ತಂದೆ ಎಲೆಕ್ಟ್ರಾನಿಕ್ ಟ್ರಿಗರಿನ ಭಯಕ್ಕೆ ಕರಿಯನ್ನು ಬಿಟ್ಟೇಬಿಡೋಣ ಅಂದಿದ್ದರು.

ನಾನು ಒಪ್ಪಲಿಲ್ಲ. ಒಂದು ದಿನ ಕೈಕೊಟ್ಟದ್ದರಿಂದ ಒಂದು ಬಗೆಯ ಪಿಸ್ತೂಲೇ ಕೆಟ್ಟದ್ದು ಅನ್ನಲು ಆಗುವುದಿಲ್ಲ. ಎಲೆಕ್ಟ್ರಾನಿಕ್ ಟ್ರಿಗರ್ ಹಿಡಿದು ವಿಶ್ವಮಟ್ಟದಲ್ಲಿ ಗೆದ್ದವರು ಬೇಕಾದಷ್ಟು ಜನ ಇದ್ದಾರೆ. ಮನು ಕೂಡ ಮೂರು ವರ್ಷಕ್ಕೆ, 2024ರ ಪ್ಯಾರಿಸ್‌ನಲ್ಲಿ, ಏರ್ ಪಿಸ್ತೂಲಿನಲ್ಲೇ ಎರಡು ಕಂಚು ತಂದರು. ಒಂದು ಒಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ. ಆದರೆ ಆ ಕಥೆಯೊಳಗೆ ಒಂದು ಸರಿಯಾದ ಪ್ರಶ್ನೆ ಇದೆ. ಪಂದ್ಯದ ನಡುವೆ ನಿಂತುಹೋದರೆ ಮುಂದೇನು? ಆ ಪ್ರಶ್ನೆಯನ್ನು ಪಕ್ಕಕ್ಕೆ ಎತ್ತಿಟ್ಟೆವು.

ಮೊದಲು ಗುರಿಯ ಮಾತು

ಪರಿಚಯದ ಇಬ್ಬರು ಶೂಟರ್‌ಗಳು ತಮ್ಮ ಪಿಸ್ತೂಲನ್ನು ಕೆಲವು ದಿನ ಬಳಸಲು ಕೊಟ್ಟರು. ಇಂಥ ಉಪಕಾರ ಸುಲಭಕ್ಕೆ ಸಿಗುವುದಿಲ್ಲ. ಒಂದು ಷರತ್ತು ಹಾಕಿದ್ದರು: ಗ್ರಿಪ್ಪಿನ, ಅಂದರೆ ಹಿಡಿಯ, ಮರಕ್ಕೆ ಅರ ಮುಟ್ಟಿಸಬಾರದು.

‘ಯಾವುದು ಕರೆಕ್ಟಾಗಿ ಹೊಡೆಯುತ್ತೆ?’ ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಮೊದಲೇ ಮುಗಿಸಿಬಿಡೋಣ ಎಂದು, ಅಲ್ಲಾಡದಂತೆ ಬಿಗಿದು ಹಿಡಿಯುವ ಬೆಂಚ್ ವೈಸ್ ತಂದೆವು. ಕಬ್ಬಿಣದ ದವಡೆ ಪಿಸ್ತೂಲಿಗೆ ಗೀರು ಹಾಕಬಾರದಲ್ಲ. ತಂದೆ ಘಟಕದಿಂದ ದಪ್ಪ ಜೀನ್ಸ್ ಬಟ್ಟೆಯ ತುಂಡು ತಂದು ನಾಲ್ಕು ಮಡಿಕೆ ಮಾಡಿ ಎರಡೂ ಕಡೆ ಇಟ್ಟರು. ಹಾಗೆ ಬಿಗಿದು, ಕೈ ನಡುಗುವ ಮಾತೇ ಇಲ್ಲದಂತೆ, ಹತ್ತು ಮೀಟರಿನಲ್ಲಿ ಐದೈದು ಪೆಲೆಟ್ ಹೊಡೆದೆವು. ಎರಡೂ ಪಿಸ್ತೂಲಿನಲ್ಲಿ ಐದು ಪೆಲೆಟ್ ಸೇರಿ ಒಂದೇ ತೂತು. ಅದು ಹತ್ತರ ವೃತ್ತದೊಳಗೆ ಆರಾಮಾಗಿ ಕೂರುವಷ್ಟು ಚಿಕ್ಕದು.

ಪೆಲೆಟ್ ಬದಲಿಸಿದಾಗ ಮಾತ್ರ ಫರಕು ಕಂಡಿತು. ಅಗ್ಗದ ಡಬ್ಬಿಯ ಪೆಲೆಟ್ ಹಾಕಿದರೆ ತೂತು ಎರಡು ಪಿಸ್ತೂಲಿನಲ್ಲೂ ಹಿಗ್ಗಿತು. ಮ್ಯಾಚ್ ಪೆಲೆಟ್ ಹಾಕಿದರೆ ಎರಡರಲ್ಲೂ ಕುಗ್ಗಿತು. ಅಂದರೆ ಪಿಸ್ತೂಲು ಬದಲಿಸುವುದಕ್ಕಿಂತ ಪೆಲೆಟ್ ಬದಲಿಸಿದರೆ ಆಗುವ ವ್ಯತ್ಯಾಸ ದೊಡ್ಡದು. ಗುರಿಯ ಚರ್ಚೆ ಅಲ್ಲಿಗೇ ಬಿಟ್ಟೆವು. ಮ್ಯಾಚ್ ದರ್ಜೆಯ ಯಾವ ಎರಡು ಪಿಸ್ತೂಲಿನ ನಡುವೆಯೂ ಈ ಚರ್ಚೆಗೆ ಸಮಯ ಹಾಳುಮಾಡಬೇಡಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ವೈಸಿಗೆ ಬಿಗಿದರೆ ಎರಡೂ ಹತ್ತೇ ಹೊಡೆಯುತ್ತವೆ.

ಅಂಕ ಹೇಳಿದ್ದು, ಅಂಕ ಮುಚ್ಚಿಟ್ಟದ್ದು

ಆಮೇಲೆ ಅವಳ ಕೈಗೆ ಕೊಟ್ಟು ಪೂರ್ತಿ ಪಂದ್ಯದಂತೆ 60 ಶಾಟ್ ಹೊಡೆಸಿದೆವು. ಹತ್ತು ಶಾಟಿಗೆ ಒಂದು ಸೀರೀಸು. ಕರಿಯಲ್ಲಿ ಒಂದು ಸಲ ಬಂದ ಸೀರೀಸುಗಳು ಹೀಗಿದ್ದವು: 94, 93, 93, 91, 88, 87. ಒಟ್ಟು 546. ಬಿಳಿಯಲ್ಲಿ: 92, 92, 91, 92, 91, 91. ಒಟ್ಟು 549.

ಮೂರು ಅಂಕದ ವ್ಯತ್ಯಾಸಕ್ಕೆ ಬೆಲೆ ಇಲ್ಲ. ನಿದ್ದೆ ಸರಿಯಾಗದಿದ್ದರೂ ಅಷ್ಟು ಏರುಪೇರಾಗುತ್ತದೆ. ಒಟ್ಟು ಅಂಕ ಮಾತ್ರ ಬರೆದುಕೊಂಡಿದ್ದರೆ ಇಲ್ಲಿ ಕಲಿಯಲು ಏನೂ ಸಿಗುತ್ತಿರಲಿಲ್ಲ. ಸೀರೀಸ್ ಸೀರೀಸಾಗಿ ನೋಡಿದರೆ ಬೇರೆ ಕಥೆ. ಕರಿ ಮೊದಲ ಮೂವತ್ತು ಶಾಟಿನಲ್ಲಿ ಮುಂದಿದೆ, ಕೊನೆಯ ಇಪ್ಪತ್ತರಲ್ಲಿ ಕುಸಿದಿದೆ. ಬೇರೆ ದಿನ ಹೊಡೆಸಿದಾಗಲೂ ಕುಸಿತ ಅದೇ ಜಾಗಕ್ಕೆ ಬಂತು. ಅಂಗಡಿಯಲ್ಲೋ ಗೆಳೆಯರ ರೇಂಜಿನಲ್ಲೋ ಪಿಸ್ತೂಲು ಹಿಡಿದು ನೋಡುವವರು ಹತ್ತು ಶಾಟ್ ಹೊಡೆಯುತ್ತಾರೆ, ‘ಭಾರಿ ಐತಿ’ ಅಂತಾರೆ, ಮುಂಗಡ ಕೊಡುತ್ತಾರೆ. ಹತ್ತೇ ಶಾಟ್ ನೋಡಿದ್ದರೆ ಇವಳೂ ಕರಿಯನ್ನು ಅಲ್ಲೇ ಆರಿಸುತ್ತಿದ್ದಳು.

ಇಲ್ಲಿ ‘ಬಿಳಿ ಗೆದ್ದಿತು’ ಎಂದು ನಿಲ್ಲಿಸುವ ಆಸೆ ಎಲ್ಲರಿಗೂ ಇತ್ತು. ಆದರೆ ಕೊನೆಗೆ ಯಾಕೆ ಕುಸಿಯುತ್ತಿದೆ ಎಂದು ತಿಳಿಯದೆ ತೀರ್ಮಾನ ಮಾಡುವುದು ಸರಿಯಲ್ಲ. ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿದಾಗ ಕರಿಯ ಮೂತಿಯ ಕೆಳಗೆ ಒಂದು ಚಿಕ್ಕ ತೂಕದ ಬಿಲ್ಲೆ ಸಿಕ್ಕಿತು. ಅದರ ಮಾಲೀಕರು ಗಟ್ಟಿ ತೋಳಿನವರು, ಮುಂಭಾರ ಇದ್ದರೆ ಅವರಿಗೆ ನಿಲುವು ಚೆನ್ನ. ಅದನ್ನೇ ಹಾಗೇ ಕಳಿಸಿದ್ದರು. ಬಿಲ್ಲೆ ಬಿಚ್ಚಿ ಮತ್ತೆ ಹೊಡೆಸಿದಾಗ ಕುಸಿತ ಮುಕ್ಕಾಲು ಪಾಲು ಮಾಯವಾಯಿತು.

ಈ ಪ್ರಕರಣದ ಮೊದಲ ತಿರುವು ಇದು. ನಾವು ಅಷ್ಟು ದಿನ ಹೋಲಿಸುತ್ತಿದ್ದದ್ದು ಎರಡು ಪಿಸ್ತೂಲನ್ನಲ್ಲ, ಇಬ್ಬರು ಮಾಲೀಕರು ತಮಗಾಗಿ ಮಾಡಿಕೊಂಡ ಹೊಂದಾಣಿಕೆಯನ್ನು. ಅಂದಿನಿಂದ ನಿಯಮ ಬದಲಿಸಿದೆವು. ಎರಡರ ಟ್ರಿಗರನ್ನೂ ಒಂದೇ 500 ಗ್ರಾಂ ಬಟ್ಟು ತೂಗಿ ಒಂದೇ ಮಟ್ಟಕ್ಕೆ ತಂದೆವು. ಹಿಂದಿನ ಸೈಟಿನ ಸಂದು ಎರಡರಲ್ಲೂ ಅವಳ ಕಣ್ಣಿಗೆ ಒಂದೇ ಅಗಲ ಕಾಣುವಂತೆ ಮಾಡಿದೆವು. ಸಿಲಿಂಡರ್ ಎರಡೂ ತುಂಬಿದ್ದೇ ಇರಬೇಕು, ಪೆಲೆಟ್ ಒಂದೇ ಡಬ್ಬಿಯದು. ಹೊಡೆಯುವ ಹೊತ್ತೂ ಒಂದೇ, ಬೆಳಿಗ್ಗೆ ಏಳಕ್ಕೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಬೆಳಗಿನ ಶೂಟಿಂಗಿಗೂ ಮಧ್ಯಾಹ್ನದ ಶೂಟಿಂಗಿಗೂ ಹೋಲಿಕೆ ಮಾಡಲು ಹೋಗಲೇಬಾರದು. ಅಂಗೈ ಬೆವರಿದರೆ ಹಿಡಿತವೇ ಬೇರೆ.

ಹೀಗೆ ಮಾಡಿದ ಮೇಲೆ ಅಂಕದಲ್ಲಿ ಎರಡೂ ಸಮ ಆದವು. ಹುಡುಗಿಗೆ ಬೇಜಾರಾಯಿತು. ಇಷ್ಟು ಮಾಡಿ ಶುರುವಿನ ಜಾಗಕ್ಕೇ ಬಂದೆವಲ್ಲ ಅಂದಳು. ನನಗೆ ಮಾತ್ರ ಈಗ ಕೆಲಸ ಶುರುವಾಯಿತು ಅನಿಸಿತು.

ಟೇಪು ಹಿಡಿದ ತಂದೆ

ಎರಡರ ಗ್ರಿಪ್ಪಿನ ಮೇಲೂ ‘ಎಂ’ ಎಂದೇ ಇತ್ತು, ಮಧ್ಯಮ ಅಳತೆ. ಆದ್ದರಿಂದ ಗ್ರಿಪ್ ಎರಡೂ ಒಂದೇ ಎಂದು ಎಲ್ಲರೂ ಇಟ್ಟುಕೊಂಡಿದ್ದರು. ಅದನ್ನು ಒಡೆದದ್ದು ಅವಳ ತಂದೆ. ಶೂಟಿಂಗ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಒಂದು ಸಂಜೆ ಮಗಳು ಎರಡನ್ನೂ ಹಿಡಿದು ನಿಲ್ಲುವುದನ್ನು ಸುಮ್ನೆ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಹೇಳಿದರು:

“ಸರ್, ನಾವು ಪ್ಯಾಂಟಿಗೆ 30 ಅಂತ ಲೇಬಲ್ ಹಾಕ್ತೀವಿ. ಪಕ್ಕದ ಘಟಕದಾಗ ಹೊಲ್ದಿದ್ದಕ್ಕೂ 30 ಅಂತಾನೇ ಹಾಕ್ತಾರೆ. ಎರಡೂ ಒಬ್ಬನೇ ಹಾಕ್ಕೊಂಡ್ರೆ ಸೊಂಟದಾಗ ಬ್ಯಾರೆ ಬ್ಯಾರೆ ಕೂಡ್ತಾವು. ನೀವು ಲೇಬಲ್ ನೋಡಾಕತ್ತೀರಿ. ಕೈ ನೋಡ್ರಿ.”

ಹೇಳಿ ಸುಮ್ಮನಾಗಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಮಗಳಿಗೆ “ಕೈ ಚಾಚವ್ವ” ಅಂದರು. ನಡುಬೆರಳ ತುದಿಯಿಂದ ಮಣಿಕಟ್ಟಿನ ಗೆರೆವರೆಗೆ ಒಂದು ಅಳತೆ, ಹೆಬ್ಬೆರಳು ಬಿಟ್ಟು ಅಂಗೈ ಅಗಲ ಇನ್ನೊಂದು. ಆಮೇಲೆ ಕಾಗದದ ಮೇಲೆ ಕೈ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರು. ಆ ಕಾಗದ ಹಿಡಿದು ಎರಡು ಗ್ರಿಪ್ಪಿನ ಪಕ್ಕ ಇಟ್ಟಾಗ ಕಣ್ಣಿಗೆ ಹೊಡೆದಂತೆ ಕಂಡಿತು. ಕರಿಯ ‘ಎಂ’ ಅವಳ ಅಂಗೈಗೆ ಒಂದು ಅಳತೆ ದೊಡ್ಡದು. ಬಿಳಿಯ ‘ಎಂ’ ಹೆಚ್ಚುಕಡಿಮೆ ಸರಿ, ಕಿರುಬೆರಳ ಹತ್ತಿರ ಮಾತ್ರ ಸ್ವಲ್ಪ ಪೊಳ್ಳು.

ಗ್ರಿಪ್ ದೊಡ್ಡದಾದರೆ ಏನಾಗುತ್ತದೆ? ಟ್ರಿಗರಿಗೆ ಬೆರಳ ತುದಿ ಮಾತ್ರ ಎಟುಕುತ್ತದೆ. ಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಜಾಗ ಟ್ರಿಗರ್ ಮೇಲೆ ಕೂತು ನೇರ ಹಿಂದಕ್ಕೆ ಎಳೆಯಬೇಕು. ತುದಿ ಮಾತ್ರ ಎಟುಕಿದರೆ ಎಳೆತ ಓರೆಯಾಗುತ್ತದೆ, ಬಲಗೈಯವರಿಗೆ ಶಾಟ್ ಎಡಕ್ಕೆ ಹೋಗುತ್ತದೆ. ಅವಳ ಹಳೇ ಕಾಗದದ ಟಾರ್ಗೆಟ್‌ಗಳನ್ನು ಹರಡಿ ನೋಡಿದೆವು. ಕರಿಯಲ್ಲಿ ಹೊಡೆದ ಎಂಟುಗಳು ಬಹುಪಾಲು ಎಡಗಡೆಯೇ ಇದ್ದವು. ಅಲ್ಲಿಯವರೆಗೆ ಅದನ್ನು ಟ್ರಿಗರ್ ಅಭ್ಯಾಸದ ಕೊರತೆ ಎಂದು ಬರೆದುಕೊಂಡಿದ್ದಳು.

ಕಣ್ಣು ಮುಚ್ಚಿ ಮಾಡುವ ಪರೀಕ್ಷೆಯೊಂದಿದೆ, ಖರ್ಚಿಲ್ಲದ್ದು. ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ತೋಳು ಎತ್ತಿ ಮಾಮೂಲು ಎತ್ತರಕ್ಕೆ ನಿಲ್ಲಿಸಬೇಕು. ಆಮೇಲೆ ಕಣ್ಣು ತೆರೆದು ಮುಂದಿನ ಸೈಟು ಹಿಂದಿನ ಸಂದಿನಲ್ಲಿ ಎಲ್ಲಿ ಕೂತಿದೆ ನೋಡಬೇಕು. ಮಣಿಕಟ್ಟು ತಿರುಗಿಸಿ ಸರಿಮಾಡಬಾರದು. ಕರಿಯಲ್ಲಿ ಮುಂದಿನ ಸೈಟು ಮತ್ತೆ ಮತ್ತೆ ಸಂದಿನ ಬಲಕ್ಕೆ ಒರಗಿ ನಿಲ್ಲುತ್ತಿತ್ತು. ಬಿಳಿಯಲ್ಲಿ ನಡುವೆಯೇ ಇತ್ತು, ಆದರೆ ತಗ್ಗಿತ್ತು. ತಗ್ಗನ್ನು ಗ್ರಿಪ್ಪಿನ ಕೋನ ಹೊಂದಿಸುವ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಪಕ್ಕಕ್ಕೆ ಒರಗುವುದು ಸರಿಯಾಗಬೇಕಾದರೆ ಮರವನ್ನೇ ಮುಟ್ಟಬೇಕು.

ಇದು ಸಣ್ಣ ವಿಷಯ ಅನ್ನುವವರು ಲೆಕ್ಕ ಹಾಕಲಿ. ಎರಡು ಸೈಟಿನ ನಡುವಿನ ದೂರ ಸುಮಾರು 33 ಸೆಂಟಿಮೀಟರ್. ಗುರಿ ಹತ್ತು ಮೀಟರ್. ಅಂದರೆ ಮುಂದಿನ ಸೈಟು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ ಅಲ್ಲಿ ಮೂವತ್ತು ಮಿಲಿಮೀಟರ್ ಸರಿಯುತ್ತದೆ. ಹತ್ತು ಬರಬೇಕಾದ ಕಡೆ ಏಳು. ವೈಸಿನಲ್ಲಿ ಎರಡು ನಳಿಗೆಗಳ ನಡುವೆ ನಾವು ಹುಡುಕಿದ ವ್ಯತ್ಯಾಸ ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ತೀರ್ಮಾನ

ಕರಿಗೆ ಸಣ್ಣ ಗ್ರಿಪ್ ಹಾಕಿಸಿದರೆ ಎರಡೂ ಮತ್ತೆ ಸಮ ಆಗುತ್ತಿದ್ದವು ಎಂದು ಈಗಲೂ ನಂಬಿದ್ದೇನೆ. ಆದ್ದರಿಂದ ‘ಬಿಳಿ ಒಳ್ಳೆಯದು, ಕರಿ ಕೆಟ್ಟದ್ದು’ ಎಂದು ಯಾರೂ ಓದಿಕೊಳ್ಳಬಾರದು. ಆದರೆ ಆ ಸಣ್ಣ ಗ್ರಿಪ್ ಮಾರುವವರ ಹತ್ತಿರ ಇರಲಿಲ್ಲ. ಹೊರದೇಶದಿಂದ ತರಿಸಬೇಕು, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಬಿಳಿಯದು ಅವಳ ಕೈಗೆ ಹೊಂದುವ ಅಳತೆಯಲ್ಲೇ ಸಿದ್ಧವಿತ್ತು.

ಹುಡುಗಿಗೆ ಕರಿಯ ಮೇಲೆ ಮನಸ್ಸು. ಅದಕ್ಕೆ ಅವಳು ಕೊಟ್ಟ ಕಾರಣ ಹಗುರವಾಗಿರಲಿಲ್ಲ. ಮನೆಯಲ್ಲಿ ಪೆಲೆಟ್ ಇಲ್ಲದೆ ಖಾಲಿ ಗೋಡೆಗೆ ಹಿಡಿದು ಟ್ರಿಗರ್ ಎಳೆಯುವ ಅಭ್ಯಾಸ, ಡ್ರೈ ಫೈರ್, ಈ ಆಟದ ಅರ್ಧ ಕಲಿಕೆ. ಕರಿಯಲ್ಲಿ, ಪೆಲೆಟ್ ತುಂಬಲು ಎತ್ತುವ ಲಿವರ್ ಮುಟ್ಟದೆ ಟ್ರಿಗರನ್ನು ಮತ್ತೆ ಮತ್ತೆ ಎಳೆಯಬಹುದು. ಬಿಳಿಯಲ್ಲಿ ಪ್ರತಿ ಸಲ ಲಿವರ್ ಎತ್ತಿ ಇಳಿಸಬೇಕು. ರಾತ್ರಿ ಓದು ಮುಗಿಸಿ ಅಭ್ಯಾಸಕ್ಕೆ ನಿಲ್ಲುವವಳಿಗೆ ಇದು ದೊಡ್ಡ ಅನುಕೂಲ. ನಾನು ಇದನ್ನು ಕರಿಯ ಪಾಲಿಗೆ ಗಟ್ಟಿ ಅಂಶ ಎಂದೇ ಬರೆದುಕೊಂಡೆ.

ಆಗ ಪಕ್ಕಕ್ಕೆ ಎತ್ತಿಟ್ಟಿದ್ದ ಪ್ರಶ್ನೆ ಮತ್ತೆ ಬಂತು. ಕೈಕೊಟ್ಟರೆ ಏನು? ಕ್ಲಬ್ಬಿನ ಹಳೇ ಪಿಸ್ತೂಲು ಬಿಳಿಯ ಕಂಪನಿಯದೇ. ಅದರ ಸಿಲಿಂಡರ್ ಬಿಳಿಗೂ ಕೂಡುತ್ತದೆ. ಗಾಳಿ ತುಂಬುವ ಅಡಾಪ್ಟರ್ ಕ್ಲಬ್ಬಿನಲ್ಲಿ ಮೊದಲೇ ಇದೆ. ಇದು ಬೆಂಗಳೂರಿನವರಿಗೆ ಮಾತಾಡುವ ವಿಷಯವೇ ಅಲ್ಲ, ನಮಗೆ ಹಾಗಲ್ಲ. ಒಂದು ಕಂಪನಿಯ ಸಿಲಿಂಡರ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ, ಅಡಾಪ್ಟರೂ ಬೇರೆ ಬೇರೆ. ನಮ್ಮಲ್ಲಿ ಇರುವುದು ಕೈಪಂಪು ಒಂದೇ. ಕೊನೆಕೊನೆಗೆ ಪಂಪಿನ ಹಿಡಿ ಕೆಳಗೆ ಒತ್ತಲು ಮೈಭಾರವೆಲ್ಲ ಹಾಕಬೇಕು. ಒಂದು ಸಿಲಿಂಡರ್ ಸೋರಿದರೆ ಇನ್ನೊಂದು ಕೈಗೆ ಸಿಗುವಂತಿರಬೇಕು. ಇನ್ನು ಟ್ರಿಗರಿನ ಒಳಗೆ ಸರ್ಕ್ಯೂಟ್ ಹೋದರೆ ಬಳ್ಳಾರಿಯಲ್ಲಿ ಯಾರೂ ಬಿಚ್ಚಲಾರರು, ದೂರದೂರಿಗೆ ಕಳಿಸಬೇಕು. ಸೀಲು, ಸ್ಕ್ರೂ, ಸ್ಪ್ರಿಂಗಿನ ಕೆಲಸ ಆದರೆ ಇಲ್ಲೇ ಕೂತು ಮಾಡಬಹುದು.

ತೀರ್ಮಾನವನ್ನು ಅವಳಿಗೇ ಬಿಟ್ಟೆವು. ತಂದೆ “ನೀ ಹೊಡಿಯಾಕಿ, ನೀನೇ ಹೇಳವ್ವ” ಅಂದರು. ಅವಳು ಒಂದು ರಾತ್ರಿ ಯೋಚಿಸಿ ಬಿಳಿ ಅಂದಳು. ಲಿವರ್ ಎತ್ತುವ ಕಷ್ಟ ದಿನಾ ಪಡಬಹುದು, ಪಂದ್ಯದ ದಿನ ನಿಂತುಹೋಗುವ ಹೆದರಿಕೆ ಇಟ್ಟುಕೊಂಡು ಹೊಡೆಯಲು ಆಗುವುದಿಲ್ಲ ಎಂಬುದು ಅವಳ ಮಾತು.

ಕೊಂಡ ಮೇಲೆ

ಎಲ್ಲರೂ ಅಂಕ ಏರುತ್ತದೆ ಅಂದುಕೊಂಡಿದ್ದರು. ಇಳಿಯಿತು. ಮೊದಲ ಕೆಲವು ವಾರ 538, 540. ಮನೆಯಲ್ಲಿ ಮೌನ. ಒಂದೂವರೆ ಲಕ್ಷಕ್ಕೂ ಮೇಲೆ ಕೊಟ್ಟು ಅಂಕ ಇಳಿದರೆ ಯಾರಿಗೆ ತಾನೇ ಸಂಕಟ ಆಗುವುದಿಲ್ಲ? ಕರಿಯೇ ತಗೊಳ್ಳಬೇಕಿತ್ತು ಎಂಬ ಮಾತೂ ಹೊರಗಿನಿಂದ ಬಂತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು. ಸ್ವಂತ ಪಿಸ್ತೂಲು ಬಂದ ಖುಷಿಯಲ್ಲಿ ಅವಳು ಪ್ರತಿದಿನ ಏನಾದರೂ ತಿರುಗಿಸುತ್ತಿದ್ದಳು. ಒಂದು ದಿನ ಟ್ರಿಗರಿನ ಎರಡನೇ ಹಂತ, ಮಾರನೇ ದಿನ ಗ್ರಿಪ್ಪಿನ ಕೋನ, ಆಮೇಲೆ ಸೈಟು. ಕೈಗೆ ಒಂದು ಹಿಡಿತ ರೂಢಿಯಾಗುವಷ್ಟರಲ್ಲಿ ಪಿಸ್ತೂಲೇ ಬದಲಾಗಿರುತ್ತಿತ್ತು. ಇದು ಹೊಸ ಪಿಸ್ತೂಲು ಕೊಂಡ ಬಹಳ ಜನರಲ್ಲಿ ಕಾಣುವ ಚಾಳಿ. ತಡೆಯಲು ಒಂದೇ ದಾರಿ, ನಿಲ್ಲಿಸುವುದು. ಒಂದು ಭಾನುವಾರ ಕೂತು ಎಲ್ಲ ಹೊಂದಾಣಿಕೆ ಮಾಡಿ ಮುಗಿಸಿದೆವು. ಕಿರುಬೆರಳ ಪೊಳ್ಳಿಗೆ ಮರದ ಪುಟ್ಟಿ ತುಂಬಿ, ಅವಳಿಂದಲೇ ಹಿಡಿಸಿ ಬೆರಳಚ್ಚು ಮೂಡಿಸಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಾಕಿದೆವು. ಗ್ರಿಪ್ಪು ಮಣಿಕಟ್ಟಿಗೆ ಆಸರೆ ಕೊಡಬಾರದು ಎಂಬ ನಿಯಮ ಇದೆ, ಅದಕ್ಕೆ ತಕ್ಕಂತೆ ಪುಟ್ಟಿಯನ್ನು ಅಂಗೈ ಗಡಿ ದಾಟಲು ಬಿಡಲಿಲ್ಲ. ಆಮೇಲೆ ಅವಳು ಉಗುರು ಬಣ್ಣದ ಶೀಶೆ ತಂದು ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಕೆಂಪು ಗೆರೆ ಎಳೆದಳು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದದ್ದು ಕಾಣುತ್ತದೆ. ಎರಡು ತಿಂಗಳು ಗೆರೆ ಮುರಿಯಬಾರದು ಎಂದು ಮಾತಾಯಿತು. ಮುರಿಯಲಿಲ್ಲ.

ಅಂಕ ನಿಧಾನಕ್ಕೆ ಮೇಲೆ ಬಂತು, 548, 552. ಎಡಗಡೆ ಬೀಳುತ್ತಿದ್ದ ಎಂಟುಗಳು ಕಡಿಮೆಯಾದವು.

ಬೆಂಗಳೂರಿನ ರಾಜ್ಯ ಮಟ್ಟದ ಪಂದ್ಯಕ್ಕೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟಾಗ ಪಿಸ್ತೂಲಿನ ಪೆಟ್ಟಿಗೆಗೆ ಬೀಗ, ಜೊತೆಗೆ ಖರೀದಿ ರಸೀದಿ, ಕ್ಲಬ್ಬಿನ ಪತ್ರ. ಅಲ್ಲಿ ಉಪಕರಣ ತಪಾಸಣೆಯಲ್ಲಿ ಒಂದು ಗಾಬರಿ ಆಯಿತು. ಟ್ರಿಗರಿಗೆ 500 ಗ್ರಾಂ ಬಟ್ಟು ನೇತುಹಾಕಿ ಎತ್ತಿದರೆ ಟ್ರಿಗರ್ ಬಿಡಬಾರದು. ಮೂರು ಅವಕಾಶ ಇರುತ್ತದೆ. ಅವಳದು ಮೊದಲ ಸಲ ಬಿಟ್ಟಿತು, ಎರಡನೇ ಸಲ ನಿಂತಿತು. ಊರಲ್ಲಿ ಅದನ್ನು ಬರೋಬ್ಬರಿ 500ಕ್ಕೆ ತಂದು ಇಟ್ಟಿದ್ದಳು, ಎತ್ತುವಾಗ ಬಟ್ಟು ಸ್ವಲ್ಪ ಅಲ್ಲಾಡಿದರೂ ಸಾಕು ಬಿಡಲು. ಆಮೇಲಿಂದ ಹತ್ತು ಹದಿನೈದು ಗ್ರಾಂ ಜಾಸ್ತಿ ಇಡುತ್ತಾಳೆ. ಬಲಗೈಯ ಬಳೆ, ದಾರ ಕೂಡ ಅಲ್ಲೇ ತೆಗೆಯಬೇಕಾಯಿತು. ಪಿಸ್ತೂಲು ಹಿಡಿಯುವ ಕೈಯ ಮಣಿಕಟ್ಟಿನಲ್ಲಿ ಏನೂ ಇರುವಂತಿಲ್ಲ. ದೇವಸ್ಥಾನದ ದಾರ ಬಿಚ್ಚುವಾಗ ಅವಳಿಗೆ ಮನಸ್ಸಿಗೆ ಕಸಿವಿಸಿ ಆಯಿತು. ಈಗ ಎಡಗೈಗೆ ಕಟ್ಟಿಸಿಕೊಳ್ಳುತ್ತಾಳೆ.

ಪಂದ್ಯದಲ್ಲಿ 551 ಬಂತು. ಪದಕ ಇಲ್ಲ. ಆದರೆ ಹೊಸ ಜಾಗ, ಎಲೆಕ್ಟ್ರಾನಿಕ್ ಟಾರ್ಗೆಟ್, 75 ನಿಮಿಷದ ಒತ್ತಡ, ಎಲ್ಲದರ ನಡುವೆ ಮನೆಯ ಅಂಕವನ್ನೇ ಹೊಡೆದು ಬಂದಳು. ತರಬೇತುದಾರನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ.

ಬೇರೆಯವರು ಇದನ್ನು ಹೇಗೆ ಬಳಸಿಕೊಳ್ಳಬಹುದು

ಇದೇ ಹುಡುಗಿ ಬೆಂಗಳೂರಿನಲ್ಲಿ ಇದ್ದಿದ್ದರೆ ನಾನು ಕರಿಯನ್ನೇ ತಗೋ ಅನ್ನುತ್ತಿದ್ದೆನೇನೋ. ಅಲ್ಲಿ ಅದೇ ಪಿಸ್ತೂಲು ಬಳಸುವವರು ಪಕ್ಕದಲ್ಲೇ ಸಿಗುತ್ತಾರೆ, ಸಿಲಿಂಡರ್ ಸಾಲ ಸಿಗುತ್ತದೆ. ಸಣ್ಣ ಗ್ರಿಪ್ಪಿಗೆ ಕಾಯುವಷ್ಟು ದಿನ ಬೇರೆ ಪಿಸ್ತೂಲಿನಲ್ಲಿ ಅಭ್ಯಾಸ ನಡೆಸಬಹುದು. ರಾಯಚೂರು, ಕೊಪ್ಪಳದವರ ಸ್ಥಿತಿ ನಮ್ಮದಕ್ಕೆ ಹತ್ತಿರ. ಅವರಿಗೆ ನಾನು ಹೇಳುವುದು, ಮುಂಗಡ ಕೊಡುವ ಮುಂಚೆ ನಿಮ್ಮ ಕ್ಲಬ್ಬಿನಲ್ಲಿ ಈಗಾಗಲೇ ಯಾವ ಕಂಪನಿಯ ಅಡಾಪ್ಟರ್ ಇದೆ ನೋಡಿ. ಕೈಯ ಅಳತೆಯ ಕಾಗದ ಮಾರುವವರಿಗೆ ಕಳಿಸಿ. ‘ಎಂ ಸಾಕಾಗುತ್ತೆ’ ಎಂಬ ಮಾತು ನಂಬಬೇಡಿ. ಪರೀಕ್ಷೆಗೆ ಸಿಕ್ಕ ಪಿಸ್ತೂಲನ್ನು ಹತ್ತು ಶಾಟಿಗೆ ಬಿಡಬೇಡಿ, ಅರವತ್ತೂ ಹೊಡೆಯಿರಿ, ಕೊನೆಯ ಇಪ್ಪತ್ತನ್ನು ಬೇರೆ ಬರೆದಿಡಿ.

ಹಳೇ ಪಿಸ್ತೂಲು ಕೊಳ್ಳುವವರು ಇನ್ನೊಂದನ್ನು ನೋಡಲೇಬೇಕು. ಸಿಲಿಂಡರಿನ ಮೇಲೆ ತಯಾರಾದ ದಿನಾಂಕ ಇರುತ್ತದೆ. ಹತ್ತು ವರ್ಷ ದಾಟಿದ ಸಿಲಿಂಡರನ್ನು ಪಂದ್ಯದಲ್ಲಿ ಬಳಸುವಂತಿಲ್ಲ, ಅದು ಶೂಟರಿನದೇ ಹೊಣೆ. ಕ್ಲಬ್ಬಿನಿಂದ ಅವಳಿಗೆ ಎರವಲು ಸಿಗುವ ಸಿಲಿಂಡರಿಗೂ ಅವಧಿ ಹತ್ತಿರ ಬಂದಿದೆ, ಹೊಸದಕ್ಕೆ ದುಡ್ಡು ಎತ್ತಿಡಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ತುಂಬಿದ ಸಿಲಿಂಡರನ್ನು ಕಾರಿನಲ್ಲಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು ಮುಚ್ಚಿದ ಕಾರಿನ 60 ಡಿಗ್ರಿಯಲ್ಲಿ 220 ದಾಟುತ್ತದೆ.

ಹುಡುಗಿ ಈಗ ಕೆಲಸ ಮಾಡುತ್ತಿರುವುದು ಐದನೇ ಸೀರೀಸಿನ ಮೇಲೆ. ನಲವತ್ತು ದಾಟಿದ ಮೇಲೆ ತೋಳು ಇಳಿಯುವುದು ಪೂರ್ತಿ ನಿಂತಿಲ್ಲ, ಬಿಳಿಯಲ್ಲೂ ಇದೆ, ಸ್ವಲ್ಪ ಕಡಿಮೆ ಅಷ್ಟೇ. ಅದು ಪಿಸ್ತೂಲಿನ ಸಮಸ್ಯೆ ಅಲ್ಲ ಎಂದು ಈಗ ಅವಳಿಗೂ ಗೊತ್ತು, ತಂದೆಗೂ ಗೊತ್ತು. ದಿನಾ ಸಂಜೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಚಾಚಿ ನಿಲ್ಲುತ್ತಾಳೆ. ಮುಂದಿನ ಪಂದ್ಯಕ್ಕೆ ಇಟ್ಟುಕೊಂಡ ಗುರಿ 560.